ಭಾವನ ಎರಡನೇ ಬ್ಯಾಟರಿ

ರಿಪೇರಿ ಮೇಜನ್ನು ತೆಗೆದು ಆ ಜಾಗದಲ್ಲಿ ಕಾಫಿ ಯಂತ್ರ ಇಡುವ ವಿಚಾರವನ್ನು ಭಾವ ಹೇಳಿದ್ದು ಒಂದು ಬೆಳಿಗ್ಗೆ, ಅಂಗಡಿಯ ಶಟರ್ ಎತ್ತುತ್ತ, ಬೆನ್ನು ತಿರುಗಿಸಿಕೊಂಡು. ಮುಖ ನೋಡಿ ಹೇಳಿದ್ದರೆ ಬಹುಶಃ ಮುಂದಿನದೆಲ್ಲ ನಡೆಯುತ್ತಿರಲಿಲ್ಲ.

“ಈಗ ಬ್ಯಾಟರಿ ರಿಪೇರಿ ಯಾರು ಮಾಡಿಸ್ತಾರೆ ಹೇಳು? ಕೆಟ್ಟರೆ ಹೊಸದು. ಗಿರಾಕಿಗಳು ಕೂತು ಒಂದು ಕಾಫಿ ಕುಡೀಲಿ. ನೀನು ಮುಂದೆ ಕೌಂಟರಲ್ಲಿ ನಿಂತ್ಕೋ. ನಿನ್ನ ಮಾತು ಚೆನ್ನಾಗಿದೆ, ಎಲ್ಲರೂ ಕೇಳ್ತಾರೆ.”

ನಿಮ್ಮನ್ನು ಬಿಟ್ಟು ಎಲ್ಲರೂ, ಎಂದು ಆ ಮೇಜಿನಲ್ಲಿ ಕೂರುವ ಭಾವಮೈದುನ ಮನಸ್ಸಿನಲ್ಲೇ ತಿದ್ದಿದ. ಬಾಯಲ್ಲಿ “ಆಯ್ತು ಭಾವ” ಎಂದ.

ಅಂಗಡಿ ಎಲೆಕ್ಟ್ರಿಕ್ ಸೈಕಲ್‌ಗಳದು. ಮುಂದಿನ ಅರ್ಧದಲ್ಲಿ ಭಾವ, ಅಂದರೆ ಅವನ ಅಕ್ಕನ ಗಂಡ, ಹೊಸ ಸೈಕಲ್ ಮಾರುತ್ತಿದ್ದ. ಹಿಂದಿನ ಅರ್ಧದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಅವನು ಸತ್ತ ಬ್ಯಾಟರಿಗಳನ್ನು ಬದುಕಿಸುತ್ತಿದ್ದ. ಊರಿನವರು ಅವನಿಗೆ ಬ್ಯಾಟರಿ ಡಾಕ್ಟರ್ ಎಂದು ಹೆಸರಿಟ್ಟಿದ್ದರು. ಬರಬರುತ್ತ ಬ್ಯಾಟರಿ ಬಿದ್ದುಹೋಗಿ ಬರೀ ಡಾಕ್ಟರ್ ಉಳಿದಿತ್ತು. “ಇದರ ಕತೆ ಮುಗೀತು” ಎಂದು ಹೊತ್ತು ತಂದವರ ಎದುರಿಗೇ ಅವನು ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಒಳಗೆ ಒತ್ತೊತ್ತಾಗಿ ನಿಂತ ಹೆಬ್ಬೆರಳು ಗಾತ್ರದ ಸೆಲ್‌ಗಳ ಮೇಲೆ ಮೀಟರಿನ ಕಡ್ಡಿ ಆಡಿಸಿ, “ಎಲ್ಲ ಗಟ್ಟಿಯಾಗಿವೆ. ಈ ಮೂಲೆಯವು ಮಾತ್ರ ಸೋತಿವೆ. ಒಬ್ಬ ಮಲಗಿದ್ರೆ ಪಾಪ ಮನೆಯವರೆಲ್ಲ ಮಲಗಬೇಕು, ಅಷ್ಟೇ” ಎನ್ನುತ್ತಿದ್ದ. ಮೂಲೆಯವನ್ನು ಬದಲಿಸಿ ಕೊಟ್ಟಾಗ ಸೈಕಲ್ ಮತ್ತೆ ಗುಡ್ಡ ಹತ್ತುತ್ತಿತ್ತು. ಆ ಮೇಜು ಬಿಟ್ಟರೆ ಅವನಿಗೆ ಜೀವನದಲ್ಲಿ ತನ್ನದು ಅನ್ನುವಂಥದ್ದು ಇನ್ನೇನೂ ಇರಲಿಲ್ಲ. ಆ ಜಾಗಕ್ಕೆ ಈಗ ಹಾಲಿನ ನೊರೆ ಉಕ್ಕಿಸುವ ಯಂತ್ರ ಬರುವುದಿತ್ತು.

ಬೇರೆ ಯಾರಾದರೂ ಮೇಜು ಕಿತ್ತಿದ್ದರೆ ಅವನು ಸಹಿಸುತ್ತಿದ್ದನೇನೋ. ಭಾವ ಕೀಳುವುದು ಸಹಿಸಲಾಗದ ಮಾತು. ಒಬ್ಬ ಮನುಷ್ಯ ಬ್ಯಾಟರಿಗೆ ಎಷ್ಟು ಬಗೆಯ ಅನ್ಯಾಯ ಮಾಡಬಹುದೋ ಅಷ್ಟನ್ನೂ ಭಾವ ತಪ್ಪದೆ ಮಾಡುತ್ತಿದ್ದ. ಪೂರ್ತಿ ಬರಿದಾಗಿ ಸೈಕಲ್ ನಡುದಾರಿಯಲ್ಲಿ ನಿಲ್ಲುವವರೆಗೂ ಓಡಿಸುತ್ತಿದ್ದ. ಬಂದವನೇ, ಬ್ಯಾಟರಿ ಇನ್ನೂ ಬಿಸಿಬಿಸಿ ಇರುವಾಗಲೇ ಚಾರ್ಜಿಗೆ ಸಿಕ್ಕಿಸುತ್ತಿದ್ದ. ಕೈಗೆ ಸಿಕ್ಕ ಚಾರ್ಜರ್ ಯಾವುದಾದರೂ ಅವನಿಗೆ ನಡೆಯುತ್ತಿತ್ತು. ಅಂಗಡಿಗೆ ತಾಗಿದ ಗೋದಾಮಿನ ರಟ್ಟಿನ ಪೆಟ್ಟಿಗೆಗಳ ಮೇಲಿಟ್ಟು, ಮೇಲೆ ತನ್ನ ಜಾಕೆಟ್ ಎಸೆದು, ಶಟರ್ ಎಳೆದು ಮನೆಗೆ ಹೋದರೆ ಅದು ಬೆಳಗಿನವರೆಗೂ ಅಲ್ಲೇ ಬೇಯುತ್ತಿತ್ತು. ಭಾವನ ಹತ್ತಿರ ಇಂಥ ಬ್ಯಾಟರಿ ಎರಡಿದ್ದವು. ಒಂದು ಸೈಕಲ್ ಮೇಲೆ, ಇನ್ನೊಂದು ಗೋದಾಮಿನಲ್ಲಿ, ಸಂಜೆಯ ಚಿತ್ರಹಿಂಸೆಗೆ ಕಾಯುತ್ತ.

ಅವನು ಹೇಳದೆ ಬಿಟ್ಟಿರಲಿಲ್ಲ. ಬಿಸಿ ಆರಲು ಬಿಡಿ ಎಂದಿದ್ದ. ಪೂರ್ತಿ ಬರಿದು ಮಾಡಬೇಡಿ, ದಿನಾ ಕಂಠಮಟ್ಟ ತುಂಬಿಸಲೂ ಬೇಡಿ, ದೂರದ ಸವಾರಿ ಇದ್ದ ದಿನ ಮಾತ್ರ ಪೂರ್ತಿ ಸಾಕು, ನಡುಮಟ್ಟದಲ್ಲಿದ್ದರೆ ಅದು ಸುಖವಾಗಿರುತ್ತದೆ ಎಂದಿದ್ದ. ಭಾವ ಆಕಳಿಸಿದ್ದ.

“ಅದು ಬ್ಯಾಟರಿ ಕಣಯ್ಯ, ಬಾಣಂತಿ ಅಲ್ಲ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಒಳ್ಳೆಯ ಮಾತೇ, ಅವನಿಗೂ ನಗು ಬರಬಹುದಿತ್ತು. ಬರಲಿಲ್ಲ.

ಯೋಚನೆ ಹುಟ್ಟಿದ್ದು ಅಂಗಡಿಯ ಹಿತ್ತಲಿನ ಮರಳು ಬಕೆಟ್ಟಿನ ಹತ್ತಿರ. ಲಾರಿಯ ಚಕ್ರಕ್ಕೆ ಸಿಕ್ಕು, ನೀರು ಕುಡಿದು, ಹೊಟ್ಟೆ ಉಬ್ಬಿದ್ದ ಒಂದು ಬ್ಯಾಟರಿಯನ್ನು ಅವನು ಅದರಲ್ಲಿ ಹೂತಿಟ್ಟಿದ್ದ. ಅಂಥದ್ದನ್ನು ಚಾರ್ಜ್ ಮಾಡುವುದಿರಲಿ, ಮನೆಯೊಳಗೆ ತರುವುದೂ ತಪ್ಪು. ವಿಲೇವಾರಿ ಮಾಡುವವರು ಬಂದು ಒಯ್ಯಬೇಕು. ಅವರು ಇನ್ನೂ ಬಂದಿರಲಿಲ್ಲ. ಮರಳು ಸರಿಸಿ ನೋಡುವಾಗ ಅವನ ಕಣ್ಣಿಗೆ ಬಿದ್ದದ್ದು ಇಷ್ಟೇ: ಅದು ಭಾವನ ಎರಡನೇ ಬ್ಯಾಟರಿಯ ಜಾತಿಯದೇ, ಅಳತೆಯದೇ.

ಬ್ಯಾಟರಿಯೊಳಗೆ ಒಂದು ಪುಟ್ಟ ಸರ್ಕಿಟ್ ಬೋರ್ಡು ಇರುತ್ತದೆ. ಡಾಕ್ಟರ್ ಅದನ್ನು ಕಾವಲುಗಾರ ಎನ್ನುತ್ತಿದ್ದ. ಹೆಚ್ಚು ತುಂಬಿದರೆ, ಹೆಚ್ಚು ಬಿಸಿಯಾದರೆ, ಸಾಕು ಎಂದು ಬಾಗಿಲು ಹಾಕುವುದು ಅದರ ಕೆಲಸ. ಇಷ್ಟು ವರ್ಷ ಭಾವನ ಗೋದಾಮು ಉಳಿದಿದ್ದರೆ ಅದು ಆ ಕಾವಲುಗಾರನ ಪುಣ್ಯ. ಡಾಕ್ಟರ್ ಎರಡು ಮಧ್ಯಾಹ್ನ ಮೇಜಿನ ಮುಂದೆ ಕೂತು ಏನು ಮಾಡಿದ ಎನ್ನುವುದನ್ನು ಇಲ್ಲಿ ಬರೆಯುವುದು ಬೇಡ. ಓದುವವರಲ್ಲೂ ಭಾವಂದಿರು ಇರುವವರು ಇದ್ದಾರೆ. ಕೊನೆಗೆ ಅವನ ಮುಂದೆ ಇದ್ದದ್ದು ಹೊರಗಿನಿಂದ ನೋಡಿದರೆ ಭಾವನ ಎರಡನೇ ಬ್ಯಾಟರಿ, ಅದೇ ಗೀರು, ಅದೇ ಅರ್ಧ ಹರಿದ ಸ್ಟಿಕ್ಕರ್. ಒಳಗೆ ಮಾತ್ರ ಬಕೆಟ್ಟಿನ ರೋಗಿ, ಕಾವಲುಗಾರನಿಲ್ಲದೆ. ಚಾರ್ಜಿಗೆ ಹಾಕಿದರೆ ಮೊದಮೊದಲು ಸಭ್ಯವಾಗಿಯೇ ಇರುತ್ತದೆ. ತುಂಬುತ್ತ ಬಂದಾಗ ತಡೆಯುವವರು ಯಾರೂ ಇರುವುದಿಲ್ಲ.

ತಾನು ಕೊಲೆಗಾರನಲ್ಲ ಎನ್ನುವುದರ ಬಗ್ಗೆ ಅವನಿಗೆ ಬಹಳ ಅಭಿಮಾನ. ಯಾರ ಕೂದಲೂ ಕೊಂಕಬಾರದು. ಗೋದಾಮಿನ ಮೇಲೆ ಯಾರೂ ವಾಸವಿಲ್ಲ, ಪಕ್ಕದ ಮಳಿಗೆ ಖಾಲಿ, ನಡುವೆ ದಪ್ಪ ಗೋಡೆ, ಅವನ ಮೇಜು ಗೋಡೆಯ ಈಚೆ. ಸುಡುವುದು ಭಾವನ ಹೊಸ ಸರಕು ಮತ್ತು ಭಾವನ ಹೆಸರು, ಎರಡೇ. ಆಮೇಲೆ ಅಗ್ನಿಶಾಮಕದವರು ಬಂದು ಬೂದಿ ಕೆದಕುತ್ತಾರೆ. ರಟ್ಟು, ಜಾಕೆಟ್ಟು, ಯಾವುದೋ ಚಾರ್ಜರ್, ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ಡಾಕ್ಟರ್ ಬಡಕೊಂಡ, ಆ ಮನುಷ್ಯ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಊರು ಆಡುತ್ತದೆ. ಭಾವ ಮುಖ ಸಣ್ಣದು ಮಾಡಿಕೊಂಡು ಬಂದು, ಇನ್ನು ಅಂಗಡಿ ನೀನೇ ನೋಡಿಕೋ ಎನ್ನುತ್ತಾನೆ. ಮೇಜು ಮುಂದಕ್ಕೆ, ಕಿಟಕಿಯ ಪಕ್ಕಕ್ಕೆ ಬರುತ್ತದೆ. ದೀಪ ಎಲ್ಲಿ ತೂಗುಹಾಕಬೇಕು ಎನ್ನುವುದನ್ನು ಕೂಡ ಅವನು ಗೊತ್ತು ಮಾಡಿಟ್ಟಿದ್ದ.

ಇಡೀ ಯೋಜನೆ ನಿಂತದ್ದು ಒಂದೇ ಕಂಬದ ಮೇಲೆ. ಭಾವ ಯಾರ ಮಾತನ್ನೂ ಕೇಳುವ ಆಸಾಮಿಯಲ್ಲ. ಅದಕ್ಕಿಂತ ಗಟ್ಟಿ ಕಂಬ ಊರಿನಲ್ಲಿ ಇರಲಿಲ್ಲ.

ಆದರೂ ಸಾಕ್ಷಿ ಬೇಕು. ಆ ವಾರ ಅಂಗಡಿಯಲ್ಲಿ ಜನ ಕಿಕ್ಕಿರಿದ ಹೊತ್ತು ನೋಡಿ ಅವನು ಮೇಜಿನಿಂದ ಎದ್ದು ಬಂದ. ಮಾತುಗಳನ್ನು ಬಚ್ಚಲುಮನೆಯ ಕನ್ನಡಿಯ ಎದುರು ಹೇಳಿ ಹೇಳಿ ಹದ ಮಾಡಿಕೊಂಡಿದ್ದ.

“ಭಾವ, ಕೈ ಮುಗಿದು ಕೇಳ್ತೀನಿ. ಇವರೆಲ್ಲರ ಮುಂದೆ ಕೇಳ್ತೀನಿ. ಯಾರೂ ಇಲ್ಲದ ಕಡೆ ಚಾರ್ಜಿಗೆ ಹಾಕಿ ಹೋಗ್ಬೇಡಿ. ಮನೇಲಿ ಯಾರಾದ್ರೂ ಇದ್ದಾಗ ಹಾಕಿ. ಕಲ್ಲಿನ ನೆಲದ ಮೇಲಿಡಿ. ಅದರದ್ದೇ ಚಾರ್ಜರ್ ಸಿಕ್ಕಿಸಿ. ಮೇಲೆ ಏನೂ ಮುಚ್ಚಬೇಡಿ. ಬಿಸಿಲಲ್ಲಿ ಬೇಡ, ತಂಪಾಗಿರಬೇಕು. ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಅಕ್ಕನ ಗತಿ ಏನು? ನಂಗೆ ಅಮ್ಮ, ನೀವಿಬ್ಬರು ಬಿಟ್ರೆ ಇನ್ಯಾರಿದಾರೆ?”

ಕೊನೆಯ ಮಾತು ಕನ್ನಡಿಯ ಮುಂದೆ ಇರಲಿಲ್ಲ. ಅದು ತಾನಾಗಿ ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಅವನಿಗೇ ಆಶ್ಚರ್ಯವಾಯಿತು. ಹೆಲ್ಮೆಟ್ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಮೂಗು ಒರೆಸಿಕೊಂಡಳು. ಭಾವ ಬೆಲೆಚೀಟಿ ಹಿಡಿದುಕೊಂಡು ಹಾಗೇ ನಿಂತ. ಬಾಣಂತಿಯ ಮಾತು ಈ ಸಲ ಬರಲಿಲ್ಲ. ನಾಚಿಕೆಯಾಗಿರಬೇಕು ಎಂದುಕೊಂಡು ಡಾಕ್ಟರ್ ಮೇಜಿಗೆ ಮರಳಿದ. ಅಂದು ಸಂಜೆಯೂ ಭಾವ ಬ್ಯಾಟರಿಯನ್ನು ರಟ್ಟಿನ ಮೇಲೆ ಬಿಸಾಡಿಯೇ ಹೋದ. ಅದನ್ನು ನೋಡಿ ಡಾಕ್ಟರನಿಗೆ ಸಮಾಧಾನವಾಯಿತು.

ಮುಂದಿನದು ಬೆಂಕಿಯ ಹೊತ್ತಿಗೆ ತಾನೆಲ್ಲಿರಬೇಕು ಎನ್ನುವ ಪ್ರಶ್ನೆ. ಅಗ್ನಿಶಾಮಕ ಠಾಣೆಯ ಅಧಿಕಾರಿ, ಗಟ್ಟಿ ದನಿಯ ಹೆಣ್ಣುಮಗಳು, ಜನರಿಗೆ ಬ್ಯಾಟರಿ ಜೋಪಾನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಅವನನ್ನು ಬಹಳ ದಿನದಿಂದ ಕೇಳುತ್ತಿದ್ದಳು. ಈಗ ಒಪ್ಪಿಕೊಂಡ. ಭಾನುವಾರ ಸಂಜೆ, ಊರಿನ ಆಚೆ ತುದಿಯ ಸಭಾಂಗಣ ಎಂದು ತಾನೇ ಗೊತ್ತು ಮಾಡಿದ. ದೂರವಾಯಿತಲ್ಲ ಎಂದು ಅವಳೇ ಅಂದಳು; ಪರವಾಗಿಲ್ಲ ಮೇಡಂ, ಅಲ್ಲಿ ಗಾಳಿ ಚೆನ್ನಾಗಿದೆ ಎಂದ. ಬೆಂಕಿಯ ಸುದ್ದಿ ಬಂದಾಗ ಬೆಂಕಿಯ ಅಧಿಕಾರಿಯೇ ಪಕ್ಕದ ಕುರ್ಚಿಯಲ್ಲಿ ಕೂತಿರಬೇಕು. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ? ಅಷ್ಟಕ್ಕೇ ತೃಪ್ತಿಪಡದೆ ತನ್ನ ಬೀದಿಯ ಮನೆಮನೆಗೂ ಹೋಗಿ, “ಎಲ್ಲರೂ ಬರ್ಬೇಕು, ಬರದಿದ್ರೆ ನಂಗೆ ಬೇಜಾರು” ಎಂದು ಕರೆದು ಬಂದ. ಯಾರಿಗೆ ಸೈಕಲ್ ಇಲ್ಲವೋ ಅವರೂ ಒಪ್ಪಿಕೊಂಡರು. ಕೂತಲ್ಲೇ ನಿದ್ದೆ ಮಾಡಬಹುದು ಎನ್ನುವ ಧೈರ್ಯ ಇದ್ದಿರಬೇಕು.

ಬರಲಾಗದವಳು ಅಮ್ಮ ಒಬ್ಬಳೇ. ಅವನಿಗೆ ಮದುವೆಯಾಗಿರಲಿಲ್ಲ; ಅವನೂ ಅವಳೂ ಇದ್ದದ್ದು ಇಕ್ಕಟ್ಟಾದ ಎರಡಂತಸ್ತಿನ ಮನೆಯಲ್ಲಿ. ಮೊಣಕಾಲು ನೋವಿನಿಂದ ಅವಳು ಮೇಲಿನ ಕೋಣೆ ಬಿಟ್ಟು ಇಳಿಯುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಕಿಟಕಿಯಿಂದ ಹಗ್ಗಕ್ಕೆ ಕಟ್ಟಿದ ಪುಟ್ಟ ಚೀಲದಲ್ಲಿ ಕೀಲಿಕೈ ಇಳಿಬಿಡುತ್ತಿದ್ದಳು. ಬಂದವರು ಬಾಗಿಲು ತೆಗೆದು, ಹೋಗುವಾಗ ಹಾಕಿಕೊಂಡು, ಕೀಲಿಯನ್ನು ಮತ್ತೆ ಚೀಲಕ್ಕೆ ಹಾಕಬೇಕು. ಅವನ ಮಾತನ್ನು ಅಕ್ಷರಶಃ ಪಾಲಿಸುವ ಜೀವ ಭೂಮಿಯ ಮೇಲೆ ಇದ್ದದ್ದು ಅದೊಂದೇ. ಉಪಯೋಗಿಸದ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಆಫ್ ಮಾಡಿ, ತಂಪು ಜಾಗದಲ್ಲಿಡಬೇಕು ಎಂದು ಅವನು ಯಾವಾಗಲೋ ಹೇಳಿದ್ದನ್ನು ಕೇಳಿಸಿಕೊಂಡು, ಅವನು ಕೊಡಿಸಿದ ಫೋನನ್ನು ಅವಳು ಹಾಗೆಯೇ ಇಟ್ಟಿದ್ದಳು: ಅರ್ಧ ಚಾರ್ಜು, ಆಫ್, ಕಪಾಟಿನ ಬಟ್ಟೆಗಳ ನಡುವೆ. “ಎಷ್ಟು ವರ್ಷ ಆಯ್ತು, ಅಂಗಡಿಯಿಂದ ತಂದ ಹಾಗೇ ಇದೆ ನೋಡು” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಭಾವ ಊಟಕ್ಕೆ ಹೋದಾಗ ಅವನು ಗೋದಾಮಿಗೆ ಹೋಗಿ ಬ್ಯಾಟರಿ ಬದಲಿಸಿದ. ಕಷ್ಟವೇನೂ ಆಗಲಿಲ್ಲ. ಒಳ್ಳೆಯದನ್ನು ಒಯ್ದು ತನ್ನ ಮೇಜಿನ ಕೆಳಗಿಟ್ಟು, ಅದು ಬರಿದಾಗಿರುವುದು ಗೊತ್ತಾದಾಗ ಅಭ್ಯಾಸಬಲದಿಂದ ನಡುಮಟ್ಟಕ್ಕೆ ಚಾರ್ಜ್ ಮಾಡಿ ಇಟ್ಟ. ಸಂಜೆಯಾಗುವ ಮೊದಲೇ ಮನೆಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ.

“ಬೇಗ ಬಂದ್ಬಿಡೋ,” ಎಂದಳು ಅಮ್ಮ.

“ಸ್ವಲ್ಪ ತಡ ಆದ್ರೂ ಆಗಬಹುದು. ಜನ ಪ್ರಶ್ನೆ ಕೇಳ್ತಾರೆ.”

“ಕೇಳ್ಲಿ ಬಿಡು. ನಿನ್ನ ಮಾತು ಕೇಳಿದ್ರೆ ಅವರಿಗೇ ಒಳ್ಳೇದು.”

ಸಭಾಂಗಣ ಅವನು ಅಂದುಕೊಂಡದ್ದಕ್ಕಿಂತ ತುಂಬಿತ್ತು. ಅವನ ಬೀದಿಯವರು ಮುಂದಿನ ಸಾಲುಗಳನ್ನೆಲ್ಲ ಹಿಡಿದಿದ್ದರು. ಅಧಿಕಾರಿ ಮೇಜಿನ ಮೇಲೆ, ನೀರಿನ ಲೋಟದ ಪಕ್ಕ, ತನ್ನ ವೈರ್‌ಲೆಸ್ ಸೆಟ್ಟು ಇಟ್ಟುಕೊಂಡು ಕೂತಳು. ಅವನು ಕೈಯಲ್ಲಿ ಮೈಕು ಹಿಡಿದು ಎದ್ದು ನಿಂತಾಗ, ಬಾಗಿಲಿನಿಂದ ಅಕ್ಕ ಒಳಗೆ ಬಂದಳು. ಅವಳ ಹಿಂದೆ ಭಾವ ಬಂದ, ತಲೆ ಬಾಚಿಕೊಂಡು.

ಇದು ಯೋಜನೆಯಲ್ಲಿ ಇರಲಿಲ್ಲ. ಭಾನುವಾರ ಸಂಜೆ ಭಾವ ಸೋಫಾದ ಮೇಲೆ ಟಿವಿಯ ಮುಂದೆ ಬಾಯಿ ತೆರೆದು ಮಲಗಿರಬೇಕಾದವನು. ಡಾಕ್ಟರ್ ಒಂದು ಕ್ಷಣ ತಬ್ಬಿಬ್ಬಾದ, ಮತ್ತೆ ಯೋಚಿಸಿದಾಗ ಖುಷಿಯೇ ಆಯಿತು. ಅಂಗಡಿ ಮುಚ್ಚಿ, ಎಂದಿನಂತೆ ಬ್ಯಾಟರಿ ಸಿಕ್ಕಿಸಿ, ಬಂದಿದ್ದಾನೆ. ಇರಲಿ. ಸುದ್ದಿ ಬಂದಾಗ ಎಲ್ಲರ ಎದುರು ಭಾವನ ಮುಖ ನೋಡುವ ಭಾಗ್ಯ ತನಗೆ ತಾನಾಗಿ ಒದಗಿ ಬಂತು.

ಅವನು ಅಂದು ಬಹಳ ಚೆನ್ನಾಗಿ ಮಾತಾಡಿದ. ಸವಾರಿಯಿಂದ ಬಂದ ಬ್ಯಾಟರಿಗೆ ಮೊದಲು ಸುಧಾರಿಸಿಕೊಳ್ಳಲು ಬಿಡಿ, ಓಡಿಬಂದವರ ಬಾಯಿಗೆ ಯಾರಾದರೂ ಅನ್ನ ತುರುಕುತ್ತಾರೆಯೇ ಎಂದ. ಚಳಿಯಲ್ಲಿ ಕಡಿಮೆ ದೂರ ಓಡಿದರೆ ಅದು ಕೆಟ್ಟಿಲ್ಲ, ನಿಮ್ಮ ಹಾಗೇ ಮೈ ಮುದುಡಿಕೊಂಡಿದೆ ಎಂದ. ನೀರಿನ ಪೈಪು ಹಿಡಿದು ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿದ್ದ ಬ್ಯಾಟರಿ, ಉಬ್ಬಿದ ಬ್ಯಾಟರಿ, ವಿಚಿತ್ರ ವಾಸನೆಯ ಬ್ಯಾಟರಿ, ಇವನ್ನು ನಂಬಬೇಡಿ. ಹೀಗೆ ಹೇಳುವಾಗ ಅವನ ದನಿ ಒಂಚೂರೂ ನಡುಗಲಿಲ್ಲ. ಭಾವ, ಬೀದಿಯವರು ಸರಿದು ಜಾಗ ಕೊಟ್ಟ ಮುಂದಿನ ಸಾಲಿನಲ್ಲಿ ಕೂತು, ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದ, ನಡುನಡುವೆ ಅಕ್ಕನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸುತ್ತಿದ್ದ.

ವೈರ್‌ಲೆಸ್ ಎರಡು ಸಲ ಗೊರಗುಟ್ಟಿತು. ಎರಡು ಸಲವೂ ಡಾಕ್ಟರ್ ಮಾತು ನಿಲ್ಲಿಸಿ, ಗಾಬರಿಯ ಮುಖವನ್ನು ಸಿದ್ಧಮಾಡಿಕೊಂಡ. ಮೊದಲನೆಯ ಸಲ ಎಲ್ಲೋ ಒಂದು ಬೆಕ್ಕು ಸೂರಿನ ಮೇಲೆ ಸಿಕ್ಕಿಕೊಂಡಿತ್ತು. ಎರಡನೆಯ ಸಲ ಠಾಣೆಯವರು ಚಹಾ ಪುಡಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ಅಧಿಕಾರಿ ಕ್ಷಮೆ ಕೇಳಿದಳು. ಪರವಾಗಿಲ್ಲ, ಅದು ನಿಮ್ಮ ಕೆಲಸ, ಎಂದು ಅವನು ದೊಡ್ಡ ಮನಸ್ಸು ಮಾಡಿದ. ಒಳಗೇ ಲೆಕ್ಕ ಹಾಕಿದ. ಬ್ಯಾಟರಿ ತುಂಬುತ್ತ ಬಂದಿರಬೇಕು.

“ಕೊನೇ ಮಾತು,” ಎಂದ. “ಹೊರಗೆ ಹೋಗೋ ದಾರೀಲಿ ಯಾವತ್ತೂ ಚಾರ್ಜಿಗೆ ಇಡಬೇಡಿ. ಬಾಗಿಲ ಹತ್ತಿರ ಬೇಡ, ಮೆಟ್ಟಿಲ ಕೆಳಗಂತೂ ಬೇಡವೇ ಬೇಡ. ಬೆಂಕಿ ಎದ್ದರೆ ಮೇಲಿರೋರು ಇಳಿಯೋದು ಹೇಗೆ? ಈಗ ಏನಾದ್ರೂ ಕೇಳೋದಿದ್ರೆ ಕೇಳಿ.”

ಭಾವ ಎದ್ದು ನಿಂತ.

“ನಂದೊಂದು ಸಣ್ಣ ಅನುಮಾನ. ಮೆಟ್ಟಿಲ ಕೆಳಗೆ ಬೇಡ ಅಂದ್ಯಲ್ಲ, ಅದೊಂದನ್ನ ಮೊನ್ನೆ ನೀನು ಹೇಳಿರಲಿಲ್ಲ.”

“ಯಾಕೆ ಭಾವ?”

“ಅಲ್ಲ ಕಣಯ್ಯ, ಮೊನ್ನೆ ಅಷ್ಟು ಜನರ ಮುಂದೆ ಅತ್ತುಬಿಟ್ಟೆಯಲ್ಲ, ಮನಸ್ಸಿಗೆ ನಾಟಿಬಿಡ್ತು. ಮೂರು ದಿನ ನಿದ್ದೆ ಸರಿ ಇಲ್ಲ, ನಿಮ್ಮಕ್ಕನ್ನೇ ಕೇಳು. ಇವತ್ತಿಂದ ನೀನು ಹೇಳಿದ ಹಾಗೇ ಮಾಡೋದು ಅಂತ ತೀರ್ಮಾನ ಮಾಡಿದೆ. ಗೋದಾಮಲ್ಲಿ ಹಾಕ್ಲಿಲ್ಲ. ಮನೆಗೆ ಒಯ್ಯೋಣ ಅಂದ್ರೆ ನಾವಿಬ್ಬರೂ ಇಲ್ಲಿಗೆ ಹೊರಟಿದ್ವಿ. ಯಾರಾದ್ರೂ ಇರೋ ಮನೇನೇ ಆಗ್ಬೇಕು ಅಂತ ನೀನು ಅಂದಿದ್ದೆ. ನೋಡಿದ್ರೆ ಇವತ್ತು ಮನೇಲಿರೋರು ಅತ್ತೆ ಒಬ್ಬರೇ. ಕೂಗಿದೆ, ಕೀಲಿ ಇಳಿಬಿಟ್ರು. ನಿಮ್ಮ ಬಾಗಿಲ ಒಳಗೆ ಮೆಟ್ಟಿಲ ಕೆಳಗೆ ಕಲ್ಲಿನ ನೆಲ ಇದೆಯಲ್ಲ, ತಂಪಾಗಿತ್ತು, ಅಲ್ಲೇ ಇಟ್ಟೆ. ಅದರದ್ದೇ ಚಾರ್ಜರ್ ಹುಡುಕಿ ಸಿಕ್ಕಿಸಿದೀನಿ. ಮೇಲೆ ಒಂದು ಕರ್ಚೀಫೂ ಮುಚ್ಚಿಲ್ಲ.” ಭಾವ ನಾಚಿಕೊಂಡು ನಕ್ಕ. “ಮೆಟ್ಟಿಲು ಒಂದು ತಪ್ಪಾಯ್ತು. ಉಳಿದಿದ್ದು ಸರಿ ತಾನೇ?”

ಸಭೆ ಚಪ್ಪಾಳೆ ತಟ್ಟಿತು. ಅಧಿಕಾರಿಯೂ ತಟ್ಟಿದಳು. ಅಕ್ಕ ಕಣ್ಣೊರೆಸಿಕೊಂಡಳು.

ಡಾಕ್ಟರ್ ನಗುತ್ತಲೇ ಇದ್ದ. ಮುಖ ಆ ನಗುವನ್ನು ಬಿಟ್ಟುಕೊಡಲು ಮರೆತಿತ್ತು. ಬುದ್ಧಿ ಮಾತ್ರ ಇನ್ನೂ ಅಚ್ಚುಕಟ್ಟಾಗಿ ಓಡುತ್ತಿತ್ತು. ಪಕ್ಕದ ಮನೆಯವರಿಗೆ ಹೇಳಿ ಪ್ಲಗ್ ಕೀಳಿಸಬಹುದು. ಪಕ್ಕದ ಮನೆಯವರು ಎರಡನೇ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಎದುರುಮನೆಯವರು ಅವರ ಪಕ್ಕದಲ್ಲಿದ್ದರು. ಇಡೀ ಬೀದಿಗೆ ಬೀಗ ಹಾಕಿಸಿ ಅವನೇ ಇಲ್ಲಿಗೆ ಕರೆತಂದು ಕೂರಿಸಿದ್ದ. ತಾನೇ ಓಡಬಹುದು; ಮನೆ ಊರಿನ ಆ ತುದಿಯಲ್ಲಿತ್ತು, ಅದಕ್ಕೆಂದೇ ಅವನು ಈ ತುದಿ ಆರಿಸಿದ್ದ. ಇನ್ನೂ ಒಂದು ದಾರಿ ಇತ್ತು. ಅಮ್ಮನಿಗೆ ಫೋನು ಮಾಡುವುದು, ಕಾಲು ನೋವಾದರೂ ಸರಿ ಈಗಲೇ ಇಳಿದು ಹೊರಗೆ ಹೋಗು ಎನ್ನುವುದು. ಅಮ್ಮ ಪ್ರಶ್ನೆ ಕೇಳುವುದಿಲ್ಲ, ಅವನು ಹೇಳಿದ್ದನ್ನು ಮಾಡುತ್ತಾಳೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವನು ಸಭೆಗೆ ಬೆನ್ನು ತಿರುಗಿಸಿ ಫೋನು ತೆಗೆದು ಒತ್ತಿದ.

ನೀವು ಕರೆ ಮಾಡಿರುವ ಫೋನು ಸ್ವಿಚ್ ಆಫ್ ಆಗಿದೆ ಎಂದು ಒಂದು ಹೆಣ್ಣುದನಿ ವಿನಯದಿಂದ ಹೇಳಿತು. ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ, ಬಟ್ಟೆಗಳ ನಡುವೆ, ಅವನು ಹೇಳಿಕೊಟ್ಟ ಹಾಗೆಯೇ. ಡಾಕ್ಟರ್ ಫೋನು ಜೇಬಿಗಿಟ್ಟು, ಪಕ್ಕದ ಕುರ್ಚಿಯ ಕಡೆ ಬಗ್ಗಿ, “ಮೇಡಂ, ನಮ್ಮನೆಗೆ ಗಾಡಿ ಕಳಿಸಿ, ಮೇಲೆ ಅಮ್ಮ ಇದಾಳೆ, ಮೆಟ್ಟಿಲಿಂದ ಆಗಲ್ಲ, ಕಿಟಕಿಗೆ ಏಣಿ ಹಾಕ್ಬೇಕು” ಎಂದ. ಎಡಗೈಯಲ್ಲಿದ್ದ ಮೈಕು ಆಫ್ ಆಗಿರಲಿಲ್ಲವಾದ್ದರಿಂದ ಸಭೆಗೆಲ್ಲ ಕೇಳಿಸಿತು. ಅವಳು ವೈರ್‌ಲೆಸ್ ಎತ್ತಿ ಅವನ ವಿಳಾಸ ಹೇಳಿದಳು. ಗಾಡಿ ಹೊರಟಿತು ಎಂದು ಆ ಕಡೆಯಿಂದ ಉತ್ತರ ಬಂತು. ಆಮೇಲೆ ಅವಳು ಅವನ ಕಡೆ ತಿರುಗಿ, ಬೆಂಕಿ ಬಿದ್ದಿದೆಯಾ ಎಂದು ಕೇಳಿದಳು. “ಇಲ್ಲ,” ಎಂದ ಅವನು. “ಬೀಳತ್ತೆ.” ಅದು ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳಲೂ ಇಲ್ಲ, ಅವನ ಕೈಯಿಂದ ಮೈಕು ತೆಗೆದುಕೊಂಡು ಆಫ್ ಮಾಡಿದಳು. ಮುಂದಿನ ಸಾಲಿನಲ್ಲಿ ಇನ್ನೂ ನಿಂತೇ ಇದ್ದ ಭಾವನ ಮುಖ ಸಣ್ಣದಾಗಿತ್ತು. “ಯಾಕಯ್ಯ,” ಎಂದ ಭಾವ, “ನೀನು ಹೇಳಿದ ಹಾಗೇ ಮಾಡಿದೀನಲ್ಲ?”